ಓದುಗರ ಪ್ರಶ್ನೆ: ಬೋನಿ ಎಂ ಹಾಡುಗಳ ದನಿ ಯಾರದ್ದು?

ಪ್ರಶ್ನೆ: ನಾನು ಚಿಕ್ಕವನಿದ್ದಾಗ ನಮ್ಮ ಎಸ್ಟೇಟಿನ ಬಂಗಲೆಯಲ್ಲಿ ಬೋನಿ ಎಂ ತಂಡದ ರೆಕಾರ್ಡುಗಳು ಬಿಡುವಿಲ್ಲದೆ ತಿರುಗುತ್ತಿದ್ದವು. ಅವುಗಳಲ್ಲಿ ಕೇಳಿಬರುವ ಗಡಸು ಗಂಡು ದನಿ ವೇದಿಕೆಯ ಮೇಲೆ ಕುಣಿಯುತ್ತಿದ್ದ ಬಾಬಿ ಫ್ಯಾರೆಲ್ ಅವರದ್ದಲ್ಲವೆಂದು ಮಗ ವಾದಿಸುತ್ತಾನೆ. ಇದು ನಿಜವೇ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ನಿಮ್ಮ ಮಗ ಹೇಳುವುದೇ ಸರಿ. ಆ ದನಿ ತಂಡವನ್ನು ಕಟ್ಟಿದ ಜರ್ಮನ್ ನಿರ್ಮಾಪಕ ಫ್ರಾಂಕ್ ಫಾರಿಯನ್ ಅವರದ್ದು. ಮೊದಲ ರೆಕಾರ್ಡಿನಲ್ಲಿ ಗಂಡು ದನಿ, ಹೆಣ್ಣು ದನಿ ಎರಡನ್ನೂ ತಾವೇ ಹಾಡಿದ್ದ ಅವರು, ಅದು ಜನಪ್ರಿಯವಾಗಿ ಟಿ.ವಿ.ಯಲ್ಲಿ ತೋರಿಸಲು ಮುಖಗಳು ಬೇಕಾದಾಗ ಕೆರಿಬಿಯನ್ ದ್ವೀಪಗಳ ಮೂಲದ ನಾಲ್ವರನ್ನು ಒಟ್ಟುಗೂಡಿಸಿದರು. ಆ ನಾಲ್ವರಲ್ಲಿ ಜಮೈಕಾದಲ್ಲಿ ಹುಟ್ಟಿದ ಲಿಜ್ ಮಿಚೆಲ್ ಮತ್ತು ಮಾರ್ಸಿಯಾ ಬ್ಯಾರೆಟ್ ಸ್ಟುಡಿಯೋದಲ್ಲಿ ಹಾಡಿದರು. ಮೇಜಿ ವಿಲಿಯಮ್ಸ್ ಮತ್ತು ಬಾಬಿ ಅವರ ಪಾಲಿಗೆ ಬಂದದ್ದು ಮುಖ್ಯವಾಗಿ ವೇದಿಕೆ. 1976ರ ‘ಡ್ಯಾಡಿ ಕೂಲ್’ನಲ್ಲಿ ತಳದಿಂದ ಏಳುವ ಗಂಡು ದನಿಯನ್ನು ಕೇಳಿದವರಿಗೆ ಕಣ್ಮುಂದೆ ಬರುವುದು ಮಾತ್ರ ಬಾಬಿಯೇ, ಏಕೆಂದರೆ ಆ ದನಿಗೆ ಮೈಕೊಟ್ಟವರು ಅವರು. ಇದನ್ನು ಬರಿಯ ಮೋಸವೆಂದು ತಳ್ಳಿಹಾಕಲು ನನಗೆ ಮನಸ್ಸಾಗದು. ತೆರೆಯ ಮೇಲೊಬ್ಬರು, ತೆರೆಯ ಹಿಂದೊಬ್ಬರು ಎಂಬ ಏರ್ಪಾಟನ್ನು ನಮ್ಮ ಸಿನಿಮಾಗಳಲ್ಲಿ ನಾವು ಒಪ್ಪಿಕೊಂಡೇ ಬಂದಿದ್ದೇವೆ. ಆದರೆ ನಮ್ಮಲ್ಲಿ ಗಾಯಕರ ಹೆಸರು ಹಾಕುತ್ತಾರೆ. ಇದೇ ಫಾರಿಯನ್ ಮುಂದೆ ‘ಮಿಲಿ ವನಿಲಿ’ ಜೋಡಿಯಲ್ಲೂ ಇದೇ ಉಪಾಯ ಹೂಡಿದಾಗ, 1990ರಲ್ಲಿ ಆ ಜೋಡಿಗೆ ಬಂದಿದ್ದ ಗ್ರ್ಯಾಮಿ ಪ್ರಶಸ್ತಿಯನ್ನೇ ಹಿಂಪಡೆಯಲಾಯಿತು.

ಪ್ರಶ್ನೆ: ಈ ಕ್ರಿಸ್‌ಮಸ್‌ಗೆ ನಮ್ಮ ಚರ್ಚಿನ ಯುವಕರು ‘ರಿವರ್ಸ್ ಆಫ್ ಬ್ಯಾಬಿಲಾನ್’ ಹಾಡಬೇಕೆಂದಿದ್ದಾರೆ. ಡಿಸ್ಕೋ ಹಾಡು ಬೇಡವೆಂದು ಹಿರಿಯರು ತಡೆಯುತ್ತಿದ್ದಾರೆ. ಯಾರ ಮಾತು ಸರಿ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಹಿರಿಯರು ಬೈಬಲಿನ 137ನೆಯ ಕೀರ್ತನೆಯನ್ನು ತೆರೆದು ನೋಡಲಿ. ಸೆರೆಯಾಗಿ ಒಯ್ಯಲ್ಪಟ್ಟ ಯೆಹೂದ್ಯರು ಬ್ಯಾಬಿಲೋನಿನ ನದಿಗಳ ಬಳಿ ಕುಳಿತು ಅಳುವುದು, ಸೆರೆ ಹಿಡಿದವರೇ ‘ನಿಮ್ಮ ಊರಿನ ಹಾಡು ಹಾಡಿ’ ಎಂದು ಕೇಳುವುದು, ಪರನಾಡಿನಲ್ಲಿ ದೇವರ ಹಾಡನ್ನು ಹಾಡುವುದಾದರೂ ಹೇಗೆಂದು ಇವರು ಕೊರಗುವುದು, ಇವೆಲ್ಲ ಅಲ್ಲಿಯವೇ. 19ನೆಯ ಕೀರ್ತನೆಯ ಕೊನೆಯ ಪ್ರಾರ್ಥನೆಯೂ ಹಾಡಿನಲ್ಲಿ ಸೇರಿದೆ. ಇದನ್ನು 1970ರಲ್ಲಿ ಮೊದಲು ಹಾಡಿದ್ದು ಜಮೈಕಾದ ‘ಮೆಲೋಡಿಯನ್ಸ್’ ತಂಡ. ರಾಸ್ತಾಫಾರಿ ಪಂಥದವರು ತಮ್ಮ ಆರಾಧ್ಯನಾದ ಇಥಿಯೋಪಿಯಾದ ಚಕ್ರವರ್ತಿಯನ್ನು ಕರೆಯುವ ಹೆಸರುಗಳು ಅದರಲ್ಲಿದ್ದವು. ಬೋನಿ ಎಂ 1978ರಲ್ಲಿ ಹಾಡುವಾಗ ಅವುಗಳ ಜಾಗದಲ್ಲಿ ಮತ್ತೆ ದೇವರ ಹೆಸರು ಬಂದಿತು. ಬ್ರಿಟನ್ ಒಂದರಲ್ಲೇ ಸುಮಾರು 20 ಲಕ್ಷ ಪ್ರತಿ ಮಾರಾಟವಾದ ಈ ರೆಕಾರ್ಡಿನಲ್ಲಿ ವಾದ್ಯಗಳನ್ನು ಕಳಚಿಟ್ಟು ಕೇಳಿದರೆ, ಆರಂಭದ ಗುನುಗು ಮತ್ತು ಲಿಜ್ ಮಿಚೆಲ್ ಅವರ ತುಂಬು ದನಿ ಪ್ರಾರ್ಥನಾ ಗೀತೆಯಂತೆಯೇ ಉಳಿಯುತ್ತವೆ. ಹಿರಿಯರ ತಕರಾರು ಇರುವುದು ತಾಳದ ಬಗ್ಗೆ. ಯುವಕರು ಡ್ರಮ್ಸ್ ಬಿಟ್ಟು ಒಂದು ಗಿಟಾರ್‌ನೊಂದಿಗೆ ನಿಧಾನವಾಗಿ ಹಾಡಿದರೆ ಆ ತಕರಾರೂ ಉಳಿಯದು. ಆದರೆ ಇದು ಶೋಕದ ಹಾಡು. ಕ್ರಿಸ್‌ಮಸ್‌ಗೇ ಬೇಕೆಂದರೆ ಅದೇ ವರ್ಷ ಇದೇ ತಂಡ ಹಾಡಿದ ‘ಮೇರೀಸ್ ಬಾಯ್ ಚೈಲ್ಡ್’ ಹೆಚ್ಚು ಹೊಂದುತ್ತದೆ. 1956ರಲ್ಲಿ ಹ್ಯಾರಿ ಬೆಲಫಾಂಟೆ ಹಾಡಿದ್ದ ಗೀತೆಯದು.

ಪ್ರಶ್ನೆ: ಕಾಲೇಜೊಂದರ ರಸಪ್ರಶ್ನೆಯಲ್ಲಿ ರಾಸ್ಪುಟಿನ್ ರಷ್ಯಾದ ರಾಣಿಯ ಪ್ರಿಯಕರನೆಂಬ ಉತ್ತರಕ್ಕೆ ಅಂಕ ಕೊಟ್ಟು, ಚಿಕಿತ್ಸಕನೆಂದು ಬರೆದ ನನಗೆ ಸೊನ್ನೆ ಹಾಕಿದರು. ಬೋನಿ ಎಂ ಹಾಡೇ ಇದಕ್ಕೆ ಆಧಾರವಂತೆ!
– ವಿದ್ಯಾರ್ಥಿನಿ, ಹಾಸನ

ಉತ್ತರ: ಹಾಡು ಹಾಗೆ ಹೇಳುತ್ತದೆ, ಚರಿತ್ರೆ ಹೇಳುವುದಿಲ್ಲ. ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾದಿಂದ ನರಳುತ್ತಿದ್ದ ರಾಜಕುಮಾರ ಅಲೆಕ್ಸಿಯನ್ನು ಗುಣಪಡಿಸಬಲ್ಲನೆಂಬ ನಂಬಿಕೆಯಿಂದ ರಾಣಿ ಅಲೆಕ್ಸಾಂಡ್ರಾ ರಾಸ್ಪುಟಿನ್‌ನನ್ನು ಹತ್ತಿರ ಸೇರಿಸಿದಳು. ಪ್ರಣಯದ ಕಥೆ ಆ ಕಾಲದ ಗಾಳಿಮಾತು. 1916ರ ಡಿಸೆಂಬರಿನಲ್ಲಿ ಆತ ಗುಂಡೇಟಿಗೆ ಬಲಿಯಾದದ್ದು ನಿಜ, ಆದರೆ ಹಾಡಿನಲ್ಲಿ ಬರುವ ವಿಷದ ಪ್ರಸಂಗ ನಮಗೆ ತಲುಪಿರುವುದು ಹಂತಕರಲ್ಲೊಬ್ಬನಾದ ಯೂಸುಪೊವ್ ಬರೆದ ನೆನಪುಗಳ ಮೂಲಕ. ಆ ಅಂಕ ನಿಮಗೇ ಸಲ್ಲಬೇಕಿತ್ತು.