ಷೇರು, ಆಪ್ಷನ್ಸ್ ಎರಡೂ ಕಲಿಯಬೇಕು, ಯಾವುದು ಮೊದಲು?

ಪ್ರಶ್ನೆ: ಸಂಬಳದ ಕೆಲಸದಲ್ಲಿದ್ದೇನೆ, 50,000 ರೂಪಾಯಿ ಉಳಿತಾಯ ಇದೆ. ದುಡ್ಡು ಹಾಕುವ ಮೊದಲು ಷೇರು ಮತ್ತು ಆಪ್ಷನ್ಸ್ ಕಲಿಯಬೇಕು ಅಂತಿದ್ದೇನೆ. ಕೋರ್ಸ್ ಸೇರಬೇಕಾ? ಎಲ್ಲಿಂದ ಶುರು ಮಾಡಲಿ?

ಉತ್ತರ:

ಕೋರ್ಸಿಗೆ ದುಡ್ಡು ಸುರಿಯಬೇಡಿ. ಷೇರುಪೇಟೆ ನಿಯಂತ್ರಕ ಸೆಬಿಯ ತರಬೇತಿ ಸಂಸ್ಥೆ ಎನ್‌ಐಎಸ್‌ಎಂನ ಈಕ್ವಿಟಿ ಡಿರೈವೇಟಿವ್ಸ್ (ಫ್ಯೂಚರ್ಸ್, ಆಪ್ಷನ್ಸ್) ಪರೀಕ್ಷೆಯ ಪಠ್ಯ, ಬ್ರೋಕರ್ ಕಂಪನಿ ಜೆರೋಧಾದ ವಾರ್ಸಿಟಿ ಪಾಠಗಳು ಎರಡೂ ಪುಕ್ಕಟೆ ಸಿಗುತ್ತವೆ. ಇಪ್ಪತ್ತು ಮೂವತ್ತು ಸಾವಿರ ಕಿತ್ತುಕೊಳ್ಳುವ ತರಗತಿಗಳಲ್ಲಿ ಹೇಳುವುದು ಹೆಚ್ಚುಕಮ್ಮಿ ಇದನ್ನೇ.

ಎರಡನ್ನೂ ಒಟ್ಟಿಗೆ ಹಚ್ಚಿಕೊಳ್ಳಬೇಡಿ. ಷೇರು ಕೊಂಡರೆ ಕಂಪನಿಯಲ್ಲಿ ಪಾಲು ಬರುತ್ತದೆ, ಬೆಲೆ ಇಳಿದರೆ ಕಾಯಬಹುದು. ಆಪ್ಷನ್‌ಗೆ ಕೊನೆಯ ದಿನ ಇರುತ್ತದೆ, ಅಲ್ಲಿ ಕಾಯುವುದಕ್ಕೂ ದುಡ್ಡು ಹೋಗುತ್ತದೆ.

ಮೊದಲ ಎರಡು ತಿಂಗಳು ಷೇರು ಮಾತ್ರ. ಡಿಮ್ಯಾಟ್ ಖಾತೆ (ಕೊಂಡ ಷೇರು ಇಡುವ ಖಾತೆ) ತೆರೆಯುವಾಗ ಬೇಸಿಕ್ ಸರ್ವೀಸಸ್ ಖಾತೆ ಕೇಳಿ; 2024ರ ಸೆಪ್ಟೆಂಬರ್‌ನಿಂದ ಅದರಲ್ಲಿ 4 ಲಕ್ಷದವರೆಗಿನ ಹೂಡಿಕೆಗೆ ವಾರ್ಷಿಕ ನಿರ್ವಹಣಾ ಶುಲ್ಕ ಇಲ್ಲ. ಅರ್ಜಿಯಲ್ಲಿ ಎಫ್ ಅಂಡ್ ಓ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ಸೆಗ್ಮೆಂಟಿನ ಮುಂದೆ ಟಿಕ್ ಇದ್ದರೆ ತೆಗೆಯಿರಿ. ಆಮೇಲೆ ಬೇಕಾದಾಗ ಸಂಬಳದ ಸ್ಲಿಪ್ಪೋ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟೋ ಕೊಟ್ಟು ಚಾಲೂ ಮಾಡಿಸಿಕೊಳ್ಳಬಹುದು.

ನಿಫ್ಟಿ 50 ಇಟಿಎಫ್‌ನ (ಐವತ್ತು ದೊಡ್ಡ ಕಂಪನಿಗಳ ಸೂಚ್ಯಂಕ ನಿಫ್ಟಿಯನ್ನು ಅನುಸರಿಸುವ, ಷೇರಿನಂತೆ ಕೊಳ್ಳಬಹುದಾದ ಫಂಡ್) ಒಂದೇ ಒಂದು ಯೂನಿಟ್ ಕೊಳ್ಳಿ, ಕೆಲವು ನೂರು ರೂಪಾಯಿಯ ಬಾಬತ್ತು. ಆರ್ಡರ್ ಹಾಕುವಾಗ ಲಿಮಿಟ್ (ನೀವು ಹೇಳಿದ ಬೆಲೆಗೆ) ಆರಿಸಿ, ಮಾರ್ಕೆಟ್ (ಸಿಕ್ಕ ಬೆಲೆಗೆ) ಬೇಡ. ಬಗೆ ಸಿಎನ್‌ಸಿ ಇರಲಿ, ಅಂದರೆ ಕೊಂಡು ಇಟ್ಟುಕೊಳ್ಳುವುದು. ಎಂಐಎಸ್ ಒತ್ತಿದರೆ ಅದು ಇಂಟ್ರಾಡೇ (ಅದೇ ದಿನ ಮುಗಿಸುವ ವ್ಯವಹಾರ), ಸಂಜೆಯೊಳಗೆ ಬ್ರೋಕರ್ ತಾನೇ ಮಾರಿಬಿಡುತ್ತಾನೆ. ಮರು ಕೆಲಸದ ದಿನ ಯೂನಿಟ್ ಡಿಮ್ಯಾಟಿಗೆ ಬಂತೇ ನೋಡಿ. ನಂತರ ಅದನ್ನು ಮಾರಿ, ಕಾಂಟ್ರಾಕ್ಟ್ ನೋಟ್ (ವ್ಯವಹಾರದ ಬಿಲ್ಲು) ಮತ್ತು ಲೆಡ್ಜರ್ (ಖಾತೆಯ ಜಮಾಖರ್ಚು) ಎರಡನ್ನೂ ಸಾಲು ಸಾಲಾಗಿ ಓದಿ: ಬ್ರೋಕರೇಜ್, ಎಸ್‌ಟಿಟಿ (ಷೇರು ವ್ಯವಹಾರದ ತೆರಿಗೆ), ಸ್ಟಾಂಪ್ ಡ್ಯೂಟಿ, ಜಿಎಸ್‌ಟಿ. ಮಾರಿದ ದಿನ ಡಿಪಿ ಚಾರ್ಜ್ (ಡಿಮ್ಯಾಟಿನಿಂದ ತೆಗೆದದ್ದಕ್ಕೆ ಶುಲ್ಕ) ಅಂತ ಹತ್ತಿಪ್ಪತ್ತು ರೂಪಾಯಿ ಬೇರೆ ಹೋಗಿರುತ್ತದೆ. ಒಂದು ಯೂನಿಟ್ ಮಾರಿದರೂ ಸಾವಿರ ಮಾರಿದರೂ ಸಾಮಾನ್ಯವಾಗಿ ಅಷ್ಟೇ, ಹಾಗಾಗಿ ಚಿಲ್ಲರೆ ಚಿಲ್ಲರೆಯಾಗಿ ಮಾರುವವರ ಲಾಭವನ್ನು ಅದೇ ತಿಂದುಹಾಕುತ್ತದೆ.

ಈ ಅವಧಿಯಲ್ಲಿ ನಿಮಗೆ ಗೊತ್ತಿರುವ ಒಂದು ಕಂಪನಿಯ ವಾರ್ಷಿಕ ವರದಿ ಓದಿ. ಅಧ್ಯಕ್ಷರ ಪತ್ರ, ಫೋಟೊಗಳನ್ನು ಬಿಟ್ಟು ನೇರ ನಗದು ಹರಿವಿನ ಪಟ್ಟಿಗೆ ಹೋಗಿ. ಲಾಭ ತೋರಿಸುತ್ತಾ ವರ್ಷಗಟ್ಟಲೆ ವ್ಯವಹಾರದಿಂದ ನಗದು ಬಾರದಿದ್ದರೆ ಏಕೆ ಅಂತ ಹುಡುಕಿ. ಷೇರಿನ ಬಗ್ಗೆ ಸದ್ಯಕ್ಕೆ ಇಷ್ಟು ಸಾಕು.

ಇನ್ನು ಆಪ್ಷನ್ಸ್. ಸೈಟಿಗೆ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡಿಕೊಳ್ಳುವುದು ಗೊತ್ತಲ್ಲ? 30 ಲಕ್ಷದ ಸೈಟಿಗೆ 1 ಲಕ್ಷ ಕೊಟ್ಟು ಮೂರು ತಿಂಗಳ ಗಡುವು ಪಡೆದಿದ್ದೀರಿ. ಬೆಲೆ 35 ಲಕ್ಷಕ್ಕೆ ಏರಿದರೆ 30ಕ್ಕೇ ಬರೆಸಿಕೊಳ್ಳುತ್ತೀರಿ, 27ಕ್ಕೆ ಇಳಿದರೆ ಅಡ್ವಾನ್ಸ್ ಹೋಯಿತೆಂದು ಸುಮ್ಮನಾಗುತ್ತೀರಿ. ಕಾಲ್ ಆಪ್ಷನ್ ಹೆಚ್ಚುಕಮ್ಮಿ ಇದೇ: 30 ಲಕ್ಷ ಸ್ಟ್ರೈಕ್, 1 ಲಕ್ಷ ಪ್ರೀಮಿಯಂ, ಮೂರು ತಿಂಗಳು ಎಕ್ಸ್‌ಪೈರಿ. ಒಂದೇ ವ್ಯತ್ಯಾಸ, ಸೈಟಿನ ಅಡ್ವಾನ್ಸ್ ಕೊನೆಗೆ ಬೆಲೆಯಲ್ಲಿ ವಜಾ ಆಗುತ್ತದೆ, ಪ್ರೀಮಿಯಂ ಆಗುವುದಿಲ್ಲ. ಮಾರುವ ಹಕ್ಕು ಕೊಡುವುದು ಪುಟ್.

ಲೆಕ್ಕ ಹಾಕಿ ನೋಡೋಣ. ನಿಫ್ಟಿ 25,000ದಲ್ಲಿದೆ. 25,100ರ ಕಾಲ್ ಅನ್ನು 120 ರೂಪಾಯಿಗೆ ಕೊಂಡಿರಿ. ಲಾಟ್, ಅಂದರೆ ಒಮ್ಮೆಗೆ ಕೊಳ್ಳಬೇಕಾದ ಕನಿಷ್ಠ ಸಂಖ್ಯೆ, 75 ಎಂದಿಟ್ಟುಕೊಳ್ಳಿ (ಷೇರು ವಿನಿಮಯ ಕೇಂದ್ರ ಎನ್‌ಎಸ್‌ಇ ಇದನ್ನು ಆಗಾಗ ಬದಲಿಸುತ್ತದೆ), ಕೊಟ್ಟದ್ದು 9,000. ಎಕ್ಸ್‌ಪೈರಿ ದಿನ ನಿಫ್ಟಿ 25,180ಕ್ಕೆ ನಿಂತಿತು. 180 ಪಾಯಿಂಟ್ ಏರಿಕೆ, ನಿಮ್ಮ ಊಹೆ ಸರಿಯೇ. ಆದರೆ ಆಪ್ಷನ್‌ನ ಬೆಲೆ (25,180ರಲ್ಲಿ 25,100 ಕಳೆದು) 80, ಕೈಗೆ ಬಂದದ್ದು 6,000. ಮೂರು ಸಾವಿರ ನಷ್ಟ, ಮೇಲೆ ತೆರಿಗೆ, ಶುಲ್ಕ. ಎಕ್ಸ್‌ಪೈರಿವರೆಗೆ ಇಟ್ಟುಕೊಂಡರೆ 25,220 ದಾಟಿದ ಮೇಲೇ ಲಾಭ. ಈ ಲೆಕ್ಕವನ್ನು ಬೇರೆ ಬೇರೆ ಅಂಕಿ ಹಾಕಿಕೊಂಡು ಕೈಯಲ್ಲಿ ಇಪ್ಪತ್ತು ಸಲವಾದರೂ ಮಾಡಿ. ಆಪ್ಷನ್ ಬೆಲೆ ಯಾವುದಕ್ಕೆ ಎಷ್ಟು ಕದಲುತ್ತದೆಂದು ಅಳೆಯುವ ಡೆಲ್ಟಾ, ಥೀಟಾ, ವೇಗಾಗಳ ಪಾಠ ಆಮೇಲೆ.

ನಷ್ಟಕ್ಕೆ ಇನ್ನೊಂದು ದಾರಿ ಇಂಪ್ಲೈಡ್ ವೊಲಾಟಿಲಿಟಿ (ಐವಿ), ಅಂದರೆ ಮುಂದೆ ಬೆಲೆ ಎಷ್ಟು ಏರಿಳಿಯಬಹುದೆಂದು ಪ್ರೀಮಿಯಂನಲ್ಲೇ ಅಡಗಿರುವ ಮಾರುಕಟ್ಟೆಯ ನಿರೀಕ್ಷೆ. ಬಜೆಟ್, ಚುನಾವಣೆ ಫಲಿತಾಂಶದಂಥ ದಿನಗಳ ಮುಂಚೆ ಭಯಕ್ಕೇ ಪ್ರೀಮಿಯಂ ಉಬ್ಬಿರುತ್ತದೆ. 2024ರ ಜೂನ್ 4ರಂದು ಫಲಿತಾಂಶ ಬಂದಾಗ ನಿಫ್ಟಿ ಸುಮಾರು ಶೇ. 6 ಕುಸಿಯಿತು, ಮರುದಿನವೇ ಆ ನಿರೀಕ್ಷೆಯನ್ನು ಅಳೆಯುವ ಸೂಚ್ಯಂಕ ಇಂಡಿಯಾ ವಿಕ್ಸ್ 27ರ ಆಸುಪಾಸಿನಿಂದ 19ರ ಹತ್ತಿರಕ್ಕೆ ಬಿತ್ತು. ಉಬ್ಬಿದ ಬೆಲೆಗೆ ಕೊಂಡವರಿಗೆ ದಿಕ್ಕು ಸರಿಯಿದ್ದರೂ ನಿರೀಕ್ಷಿಸಿದಷ್ಟು ಸಿಗದಿರುವುದು ಇದಕ್ಕೇ.

ನಿಮ್ಮ 50,000ದ ವಿಷಯಕ್ಕೆ ಬರುತ್ತೇನೆ. ಅದರಲ್ಲಿ ನಿಫ್ಟಿ ಆಪ್ಷನ್ ಒಂದನ್ನು ಮೊದಲು ಕೊಳ್ಳದೆ ಹಾಗೇ ಮಾರಲು (ಪ್ರೀಮಿಯಂ ಪಡೆದು ಹೊಣೆ ಹೊರಲು) ಆಗುವುದಿಲ್ಲ, ಒಂದು ಲಾಟಿಗೇ ಲಕ್ಷಕ್ಕೂ ಹೆಚ್ಚು ಮಾರ್ಜಿನ್ (ಬ್ರೋಕರ್ ಬಳಿ ಇಡುವ ಠೇವಣಿ) ಬೇಕು. ಹಾಗಾಗಿ ಸಣ್ಣ ಬಂಡವಾಳದವರು ಕೊಳ್ಳುವ ಕಡೆಗೇ ಬೀಳುತ್ತಾರೆ. ಅದರಲ್ಲೂ ಮಂಗಳವಾರ, ಎಕ್ಸ್‌ಪೈರಿ ದಿನ, ದೂರದ ಸ್ಟ್ರೈಕ್ ಐದು ರೂಪಾಯಿಗೆ ಸಿಕ್ಕಿತು ಅಂತ ಹತ್ತು ಲಾಟ್ ಎತ್ತುತ್ತಾರೆ. ಮಧ್ಯಾಹ್ನ ಮೂರೂವರೆಗೆ ಸೊನ್ನೆ. ಇದನ್ನು ಲಾಟರಿ ಅಂದರೆ ಲಾಟರಿಗೇ ಬೇಜಾರಾದೀತು. ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಎಫ್ ಅಂಡ್ ಓ ಮಾಡಿದ ವೈಯಕ್ತಿಕ ಟ್ರೇಡರ್‌ಗಳಲ್ಲಿ ಶೇ. 93 ಮಂದಿ ನಷ್ಟ ಕಂಡಿದ್ದರು, ಖರ್ಚೂ ಸೇರಿ ತಲಾ ಸರಾಸರಿ ಸುಮಾರು 2 ಲಕ್ಷ. ನನ್ನನ್ನು ಕೇಳಿದರೆ 50,000ವನ್ನು ಇಂಡೆಕ್ಸ್ ಫಂಡಿಗೆ ಕಂತುಕಂತಾಗಿ ಹಾಕಿ, ಆಪ್ಷನ್ಸ್ ಅಭ್ಯಾಸ ನೋಟ್‌ಬುಕ್ಕಿನಲ್ಲೇ ನಡೆಯಲಿ.

ನೋಟ್‌ಬುಕ್ ಹೀಗೆ: ದಿನಾ ಬೆಳಿಗ್ಗೆ 9:30ಕ್ಕೆ, ಮಧ್ಯಾಹ್ನ 3:15ಕ್ಕೆ ಎನ್‌ಎಸ್‌ಇ ಜಾಲತಾಣದ ಆಪ್ಷನ್ ಚೈನ್ (ಎಲ್ಲ ಸ್ಟ್ರೈಕುಗಳ ಬೆಲೆಪಟ್ಟಿ) ತೆರೆದು ನಿಫ್ಟಿ ಮಟ್ಟ, ಹತ್ತಿರದ ಸ್ಟ್ರೈಕಿನ ಕಾಲ್, ಪುಟ್, ಅವುಗಳ ಐವಿ ಬರೆಯಿರಿ. ಎಲ್‌ಟಿಪಿ (ಕೊನೆಯ ವ್ಯವಹಾರದ ಬೆಲೆ) ಬರೆಯಬೇಡಿ, ವ್ಯವಹಾರ ಕಡಿಮೆಯಿರುವ ಸ್ಟ್ರೈಕಿನಲ್ಲಿ ಅದು ಅರ್ಧ ಗಂಟೆ ಹಳೆಯದಿರಬಹುದು. ಕೊಂಡಂತೆ ಬರೆಯುವಾಗ ಆಸ್ಕ್ (ಮಾರುವವರು ಕೇಳುವ ಬೆಲೆ), ಮಾರಿದಂತೆ ಬರೆಯುವಾಗ ಬಿಡ್ (ಕೊಳ್ಳುವವರು ಕೊಡುವ ಬೆಲೆ). ಹಾಳೆಯ ಮೇಲೆ ಲಾಭ ಮಾಡಿ ನಿಜದಲ್ಲಿ ಕಳೆದುಕೊಳ್ಳುವವರು ಎಡವುವುದು ಈ ಎರಡರ ಅಂತರದಲ್ಲೇ. ಎಂಟು ಎಕ್ಸ್‌ಪೈರಿ ಬರೆದರೆ, ನಿಫ್ಟಿ ಕದಲದ ದಿನ ಪ್ರೀಮಿಯಂ ಹೇಗೆ ಕರಗುತ್ತದೆಂದು ಯಾರೂ ಹೇಳಿಕೊಡಬೇಕಿಲ್ಲ.

ಮುಂದೆ ನಿಜವಾಗಿ ಟ್ರೇಡ್ ಮಾಡಿದರೂ ಬಿಡಿ ಕಂಪನಿಗಳ ಆಪ್ಷನ್ ಮುಟ್ಟಬೇಡಿ. ಇಂಡೆಕ್ಸ್ ಆಪ್ಷನ್ ನಗದಿನಲ್ಲಿ ಚುಕ್ತಾ ಆಗುತ್ತದೆ. ಕಂಪನಿ ಆಪ್ಷನ್‌ನಲ್ಲಿ ಷೇರುಗಳೇ ಕೈ ಬದಲಾಗಬೇಕು. 1,500 ರೂಪಾಯಿ ಸ್ಟ್ರೈಕಿನ, 400 ಷೇರಿನ ಲಾಟಿನ ಕಾಲ್ ಕೊಂಡು, ಎಕ್ಸ್‌ಪೈರಿಯಲ್ಲಿ ಷೇರಿನ ಬೆಲೆ ಸ್ಟ್ರೈಕಿಗಿಂತ ಮೇಲಿದ್ದರೆ 6 ಲಕ್ಷ ಕೊಟ್ಟು ಷೇರು ಬಿಡಿಸಿಕೊಳ್ಳಬೇಕು, ಅದಕ್ಕೆ ಮುಂಚಿನ ದಿನಗಳಿಂದಲೇ ಬ್ರೋಕರ್ ಮಾರ್ಜಿನ್ ಕೇಳುತ್ತಾನೆ.

ಟೆಲಿಗ್ರಾಂನಲ್ಲಿ ಟಿಪ್ಸ್ ಕೊಡುವವರು ಸಿಕ್ಕೇ ಸಿಗುತ್ತಾರೆ. ಸೆಬಿ ನೋಂದಣಿ ಸಂಖ್ಯೆ ಕೇಳಿ. ರಿಸರ್ಚ್ ಅನಲಿಸ್ಟ್ ಆದರೆ ಐಎನ್‌ಎಚ್, ಸಲಹೆಗಾರರಾದರೆ ಐಎನ್‌ಎ ಎಂದು ಶುರುವಾಗುತ್ತದೆ. ಅವರು ಹೇಳಿದ್ದನ್ನೇ ನಂಬದೆ ಸೆಬಿ ಜಾಲತಾಣದಲ್ಲಿ ಆ ಸಂಖ್ಯೆ ಯಾರ ಹೆಸರಿನಲ್ಲಿದೆ ನೋಡಿ. ಇನ್ನು ತೆರಿಗೆ: ಆಪ್ಷನ್ಸ್‌ನ ಲಾಭನಷ್ಟ ವ್ಯಾಪಾರದ ಆದಾಯದ ಲೆಕ್ಕಕ್ಕೆ ಬರುತ್ತದೆ, ನೀವೀಗ ತುಂಬುವ ಐಟಿಆರ್-1 ನಡೆಯುವುದಿಲ್ಲ, ಸಾಮಾನ್ಯವಾಗಿ ಐಟಿಆರ್-3 ಬೇಕು. ನಷ್ಟವಾದರೂ ಗಡುವಿನೊಳಗೆ ತೋರಿಸಿ. ತೋರಿಸಿದರಷ್ಟೇ ಮುಂದಿನ ಎಂಟು ವರ್ಷ ಅದನ್ನು ವ್ಯಾಪಾರದ ಲಾಭದಲ್ಲಿ ವಜಾ ಹಾಕಿಕೊಳ್ಳಬಹುದು.