ದನದ ಪೊರೆಯ ವಾಲ್ವಿಗೆ ಸುಣ್ಣ ಕಟ್ಟುವುದೇಕೆ?

ಪ್ರಶ್ನೆ: ಅಪ್ಪನಿಗೆ 68 ವರ್ಷ. ಹತ್ತು ವರ್ಷದ ಹಿಂದೆ ಹೃದಯದ ಮಹಾಪಧಮನಿಗೆ ದನದ ಪೊರೆಯ ವಾಲ್ವ್ ಹಾಕಿದ್ದರು. ಈಗ ಎಕೋ ನೋಡಿ ‘ಕ್ಯಾಲ್ಷಿಯಂ ಕೂತಿದೆ’ ಎನ್ನುತ್ತಾರೆ. ನಮ್ಮದು ಗಡಸು ಬೋರ್‌ವೆಲ್ ನೀರು, ಎರಡು ಹೊತ್ತೂ ರಾಗಿಮುದ್ದೆ, ಮನೆಯದೇ ಹಾಲು. ಅದರಿಂದಲೇ ಹೀಗಾಯಿತೇ? ಮುದ್ದೆ ಬಿಡಿಸಬೇಕೇ?
– ಓದುಗರು, ಮುಳಬಾಗಿಲು

ಉತ್ತರ: ಮುದ್ದೆ ಬಿಡಿಸಬೇಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಷಿಯಂ ಇರುವುದೇನೋ ನಿಜ. ಆದರೆ ಎಷ್ಟು ಉಂಡರೂ ರಕ್ತದಲ್ಲಿ ಅದರ ಮಟ್ಟವನ್ನು ಪ್ಯಾರಾಥೈರಾಯ್ಡ್ ಗ್ರಂಥಿ, ಮೂತ್ರಪಿಂಡ, ಮೂಳೆ ಮೂರೂ ಸೇರಿ ಡೆಸಿಲೀಟರಿಗೆ 8.5ರಿಂದ 10.5 ಮಿಲಿಗ್ರಾಂ ಒಳಗೇ ಹಿಡಿದಿಡುತ್ತವೆ. ನಿಮ್ಮ ಹೀಟರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಪದರ ನೀರಿನಿಂದ ಬಂದು ಮೇಲ್ಮೈಗೆ ಅಂಟುವ ಕಾರ್ಬೊನೇಟ್. ವಾಲ್ವಿನಲ್ಲಿ ಕೂರುವುದು ಮೂಳೆಯಲ್ಲಿರುವಂಥ ಕ್ಯಾಲ್ಷಿಯಂ ಫಾಸ್ಫೇಟ್, ಅದೂ ಬಹುಪಾಲು ವಾಲ್ವಿನ ತೆರೆದು ಮುಚ್ಚುವ ಎಸಳಿನ ಒಳಗೇ ಹುಟ್ಟುವಂಥದ್ದು.

ಅದಕ್ಕೆ ಬೀಜ ಬೀಳುವುದು ವಾಲ್ವ್ ತಯಾರಾಗುವಾಗಲೇ. ದನದ ಹೃದಯದ ಸುತ್ತಲಿನ ಪೊರೆಯನ್ನು ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ ನೆನೆಸುತ್ತಾರೆ. ಒಂದು ಬಗೆಯಲ್ಲಿ ತೊಗಲು ಹದ ಮಾಡಿದ ಹಾಗೆಯೇ. ಪೊರೆಯ ಕೊಲಾಜೆನ್ ಎಂಬ ಪ್ರೋಟೀನ್ ಎಳೆಗಳು ಹೆಣೆದುಕೊಂಡು ಗಟ್ಟಿಯಾಗುತ್ತವೆ, ದೇಹ ತಿರುಗಿಬೀಳುವುದೂ ತಗ್ಗುತ್ತದೆ. ಆದರೆ ಪೊರೆಯ ಜೀವಕೋಶಗಳು ಸತ್ತು ಅಲ್ಲೇ ಉಳಿಯುತ್ತವೆ. ಬದುಕಿರುವ ಕೋಶ ಕ್ಯಾಲ್ಷಿಯಂ ಅನ್ನು ಸದಾ ಹೊರಕ್ಕೆ ಪಂಪು ಮಾಡಿ, ಒಳಗೆ ಹೊರಗಿನದರ ಹತ್ತು ಸಾವಿರದಲ್ಲಿ ಒಂದು ಪಾಲಷ್ಟೇ ಇಟ್ಟುಕೊಳ್ಳುತ್ತದೆ. ಸತ್ತ ಕೋಶಕ್ಕೆ ಪಂಪೆಲ್ಲಿ? ನುಗ್ಗಿದ ಕ್ಯಾಲ್ಷಿಯಂ ಕೋಶದ ಗೋಡೆಯ ಫಾಸ್ಫೊಲಿಪಿಡ್‌ ಎಂಬ ಕೊಬ್ಬಿನ ಜತೆ ಸೇರಿ ಹರಳುಗಟ್ಟುತ್ತದೆ. ಕೊಲಾಜೆನ್ನಿಗೆ ಅಂಟದೆ ಉಳಿದ ಆಲ್ಡಿಹೈಡ್ ತುದಿಗಳೂ ಇದಕ್ಕೆ ಕುಮ್ಮಕ್ಕು. ಈಚಿನ ವಾಲ್ವ್‌ಗಳಲ್ಲಿ ಎಥನಾಲ್‌ನಿಂದ ಕೊಬ್ಬು ತೊಳೆಯುತ್ತಾರೆ, ಇಲ್ಲವೇ ಆ ತುದಿಗಳನ್ನು ಮುಚ್ಚುತ್ತಾರೆ. ಇದರಿಂದ ಸುಣ್ಣ ಕಟ್ಟುವುದು ತಡವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ.

ವಾಲ್ವ್ ದಿನಕ್ಕೆ ಸುಮಾರು ಒಂದು ಲಕ್ಷ ಸಲ ತೆರೆದು ಮುಚ್ಚುತ್ತದೆ. ಎಸಳು ಹೆಚ್ಚು ಬಾಗುವ ಬುಡದಲ್ಲಿ, ಎರಡು ಎಸಳು ಚೌಕಟ್ಟಿಗೆ ಸೇರುವ ಮೂಲೆಯಲ್ಲಿ ಮೊದಲು ಹರಳು ಕಾಣುತ್ತದೆ. ಎಸಳು ಬಿರುಸಾದರೆ ಪೂರ್ತಿ ತೆರೆಯದು. ಹರಳಿನ ಅಂಚಿನಲ್ಲಿ ಹರಿದರೆ ಸೋರುತ್ತದೆ. ಹರಿದಾಗ ಏದುಸಿರು ದಿಢೀರನೆ ಬರಬಹುದು, ಆಗ ಕಾಯಬೇಡಿ.

ಆಪರೇಷನ್ ಆದ ಹೊಸತರ ಎಕೋ ವರದಿ ಹುಡುಕಿ ತೆಗೆಯಿರಿ. ಅದರ ‘ಮೀನ್ ಗ್ರೇಡಿಯೆಂಟ್’ (ವಾಲ್ವಿನ ಆಚೀಚೆಯ ಒತ್ತಡದ ಸರಾಸರಿ ವ್ಯತ್ಯಾಸ) ಅನ್ನು ಈಗಿನದರೊಂದಿಗೆ ಹೋಲಿಸಿ ಎಂದು ಕೇಳಿ. 10 ಏರಿ 20 ಮಿ.ಮೀ. ಪಾದರಸ ಮುಟ್ಟಿದ್ದರೆ ವಾಲ್ವ್ ಸವೆದಿರುವ ಅನುಮಾನ ಬಲವಾಗುತ್ತದೆ. ಎಸಳಿಗೆ ರಕ್ತ ಹೆಪ್ಪುಗಟ್ಟಿದರೂ ಈ ಅಂಕಿ ಏರುತ್ತದೆ. ಆ ಹೆಪ್ಪು ಮಾತ್ರೆಯಲ್ಲೇ ಕರಗಬಹುದು, ಹಾಗಾಗಿ ಸಿಟಿ ಸ್ಕ್ಯಾನ್ ಬೇಕೇ ಎಂದು ವಿಚಾರಿಸಿ. ನೀರಿಗಿಂತ ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸದ ಅಳತೆ), ಫಾಸ್ಫರಸ್ ಪರೀಕ್ಷೆ ಮುಖ್ಯ. ಮೂತ್ರಪಿಂಡ ಸೋತವರಲ್ಲಿ ಸುಣ್ಣ ಬೇಗ ಕಟ್ಟುತ್ತದೆ. ಆಪರೇಷನ್ ಆದಾಗ ಕೊಟ್ಟ, ವಾಲ್ವಿನ ವಿವರವಿರುವ ಕಾರ್ಡೂ ಜತೆಯಲ್ಲಿರಲಿ. ತೊಡೆಸಂದಿನಿಂದ ಹೊಸ ವಾಲ್ವನ್ನು ಹಳೆಯದರೊಳಗೇ ಕೂರಿಸಲು ಆದೀತೇ ಎಂದು ನೋಡುವಾಗ ಅದರ ಅಳತೆ ಬೇಕಾಗುತ್ತದೆ.

ಪ್ರಶ್ನೆ: ನನಗೆ 31. ಮೈಟ್ರಲ್ ವಾಲ್ವ್ ಬದಲಿಸಬೇಕಂತೆ. ರಕ್ತ ತೆಳು ಮಾಡುವ ಮಾತ್ರೆ ತಪ್ಪುತ್ತದೆಂದು ಪ್ರಾಣಿಯ ವಾಲ್ವ್ ಕೇಳಲೇ?
– ಗೃಹಿಣಿ, ಚಿಂತಾಮಣಿ

ಉತ್ತರ: ಎಳೆ ವಯಸ್ಸಿನಲ್ಲಿ ಸುಣ್ಣ ಬೇಗ ಕಟ್ಟುತ್ತದೆ. ಮೈಟ್ರಲ್ ಜಾಗದಲ್ಲಂತೂ, ಅಂದರೆ ಹೃದಯದ ಎಡಭಾಗದ ಎರಡು ಕೋಣೆಗಳ ನಡುವೆ, ರಕ್ತ ಹೊರತಳ್ಳುವ ಎಡ ಹೃತ್ಕುಕ್ಷಿಯ ಪೂರ್ತಿ ಒತ್ತಡ ಮುಚ್ಚಿದ ಎಸಳಿನ ಮೇಲೇ ಬೀಳುತ್ತದೆ. ಆದ್ದರಿಂದ ಎರಡನೇ ಆಪರೇಷನ್ ಹೆಚ್ಚುಕಡಿಮೆ ಖಚಿತ. ಲೋಹದ ವಾಲ್ವ್ ಬಾಳಿಕೆ ಬರುತ್ತದೆ, ಆದರೆ ರಕ್ತ ತೆಳು ಮಾಡುವ ವಾರ್ಫರಿನ್ ಮಾತ್ರೆ ಮತ್ತು ರಕ್ತ ಹೆಪ್ಪುಗಟ್ಟುವ ವೇಗ ನೋಡುವ ಐಎನ್‌ಆರ್ ಪರೀಕ್ಷೆ ಜೀವನಪೂರ್ತಿ. ಮಗು ಬೇಕೆಂಬ ಯೋಚನೆ ಇದ್ದರೆ ಸರ್ಜನ್‌ಗೆ ಮೊದಲೇ ಹೇಳಿ: ವಾರ್ಫರಿನ್ ಗರ್ಭದ ಮೊದಲ ತಿಂಗಳುಗಳಲ್ಲಿ ಭ್ರೂಣಕ್ಕೆ ಕೆಡುಕು ಮಾಡಬಲ್ಲದು. ಅದಕ್ಕಿಂತ ಮೊದಲು, ಇರುವ ವಾಲ್ವನ್ನೇ ರಿಪೇರಿ ಮಾಡಲಾಗದೇ ಎಂದು ಕೇಳಿ ನೋಡಿ.