ಓದುಗರ ಪ್ರಶ್ನೆ, ನಮ್ಮ ಉತ್ತರ: ಇ20 ಪೆಟ್ರೋಲು, ಎಪಿಕೆ ಮೋಸ, ವಿಡಿಯೊ ಸಾಕ್ಷ್ಯ

ಪ್ರಶ್ನೆ: ನಮ್ಮ ಗಾಡಿ 2014ರದ್ದು, ಕಾರ್ಬೊರೇಟರ್ ಇರೋದು. ಮೊದಲ ಲೀಟರಿಗೆ 50 ಆವರೇಜ್ ಕೊಡ್ತಿತ್ತು, ಈಗ 42ಕ್ಕ ಬಂದೈತಿ. ಮೆಕ್ಯಾನಿಕ್ ಕೇಳಿದ್ರ ಎಲ್ಲಾ ಇ20 ಪೆಟ್ರೋಲಿಂದ ಅಂತಾನ. ನಾವ ಬೆಳೆದ ಕಬ್ಬಿನ ಎಥೆನಾಲ್ ನಮ್ಮ ಗಾಡೀನ ಕೆಡಸ್ತೈತೇನ್ರಿ?
— ಕಬ್ಬು ಬೆಳೆಗಾರರು, ಮುಧೋಳ ತಾಲ್ಲೂಕು

ಉತ್ತರ: 50ರಿಂದ 42 ಎಂದರೆ ಶೇ 16ರ ಇಳಿಕೆ. ಅದರಲ್ಲಿ ಎಥೆನಾಲಿನ ನೇರ ಪಾಲು ಕಾಲು ಭಾಗದಷ್ಟು ಮಾತ್ರ. ಒಂದು ಲೀಟರ್ ಅಪ್ಪಟ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೌಲ್ ಶಕ್ತಿ ಇರುತ್ತದೆ, ಎಥೆನಾಲಿನಲ್ಲಿ 21. ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆಸಿದರೆ (ಅದೇ ಇ20) ಲೀಟರಿನ ಶಕ್ತಿ ಶೇ 7ರಷ್ಟು ತಗ್ಗುತ್ತದೆ. ಆದರೆ ನೀವು ಅಪ್ಪಟ ಪೆಟ್ರೋಲಿನಿಂದ ನೇರವಾಗಿ ಇ20ಗೆ ಬಂದವರಲ್ಲ. 2022ರ ಜೂನ್ ಹೊತ್ತಿಗೇ ದೇಶದಲ್ಲಿ ಸರಾಸರಿ ಶೇ 10 ಮಿಶ್ರಣ ಆಗಿತ್ತು. ಇ10ರಿಂದ ಇ20ಗೆ ಬಂದಾಗ ಕಳೆಯುವ ಶಕ್ತಿ ಸುಮಾರು ಶೇ 3.5. ಅಂದರೆ 50 ಕೊಡುತ್ತಿದ್ದ ಗಾಡಿ 48 ಕೊಡಬೇಕು. ಉಳಿದ ಆರು ಕಿಲೋಮೀಟರ್ ಎಲ್ಲಿ ಹೋದವು ಎಂದು ನಿಮ್ಮ ಮೆಕ್ಯಾನಿಕ್ ಹುಡುಕಬೇಕಿತ್ತು.

ಕಾರಣ ಹೆಚ್ಚಾಗಿ ಕಾರ್ಬೊರೇಟರಿನಲ್ಲಿ ಇರುತ್ತದೆ. ಎಥೆನಾಲಿನ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಆಮ್ಲಜನಕವೇ ಇದೆ. ಹಾಗಾಗಿ ಅದೇ ಗಾಳಿಗೆ ಇಂಧನ ತುಸು ಹೆಚ್ಚು ಬೇಕು. 2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆ ಮಿತಿಯ ಹೊಸ ನಿಯಮದ) ಗಾಡಿಗಳಲ್ಲಿ ಹೆಚ್ಚಿನವಕ್ಕೆ ಫ್ಯುಯೆಲ್ ಇಂಜೆಕ್ಷನ್ ಇದೆ, ಸೈಲೆನ್ಸರಿನ ಬಳಿಯ ಆಮ್ಲಜನಕ ಸೆನ್ಸರ್ ಇದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ನಿಮ್ಮ ಕಾರ್ಬೊರೇಟರಿಗೆ ಆ ಬುದ್ಧಿ ಇಲ್ಲ, ಎಂಜಿನ್ 'ಲೀನ್' ಆಗಿ, ಅಂದರೆ ಗಾಳಿ ಹೆಚ್ಚು ಇಂಧನ ಕಡಿಮೆಯಾಗಿ ಓಡುತ್ತದೆ. ಬೆಳಗ್ಗೆ ಚೋಕ್ ಇಲ್ಲದೆ ಶುರುವಾಗದಿರುವುದು, ಆಕ್ಸಿಲರೇಟರ್ ಕೊಟ್ಟಾಗ ಒಮ್ಮೆ ತಡವರಿಸುವುದು, ಬಿಟ್ಟಾಗ ಸೈಲೆನ್ಸರಿನಲ್ಲಿ ಪಟ್ ಪಟ್ ಸದ್ದು ಇದರ ಗುರುತುಗಳು. ಪ್ಲಗ್ ಬಿಚ್ಚಿ ನೋಡಿ: ತುದಿ ತಿಳಿ ಕಂದು ಬಣ್ಣಕ್ಕಿದ್ದರೆ ಸರಿ, ಬೆಳ್ಳಗಿದ್ದರೆ ಲೀನ್. ಎಂಜಿನ್ ಬಿಸಿಯಿದ್ದಾಗ ಏರ್ ಸ್ಕ್ರೂ ಹೊಂದಿಸಿ, ಅದಕ್ಕೂ ಬಗ್ಗದಿದ್ದರೆ ಒಂದು ಅಳತೆ ದೊಡ್ಡ ಮೇನ್ ಜೆಟ್ ಹಾಕಿಸಿ. ಇದಕ್ಕೆ ಕೈ ಹಾಕುವ ಮೊದಲು ಏರ್ ಫಿಲ್ಟರ್, ಟಯರಿನ ಗಾಳಿ, ಅಂಟುತ್ತಿರುವ ಬ್ರೇಕು ಮೂರನ್ನೂ ನೋಡಿಕೊಳ್ಳಿ. ಕಬ್ಬಿನ ಹಂಗಾಮಿನ ದೂಳಿನ ರಸ್ತೆಯಲ್ಲಿ ಓಡುವ ಗಾಡಿಯ ಏರ್ ಫಿಲ್ಟರ್ ಕಂಪನಿ ಪುಸ್ತಕದಲ್ಲಿ ಬರೆದಷ್ಟು ದಿನ ಬಾಳುವುದಿಲ್ಲ.

ಕೆಡುವ ವಿಷಯ ಬೇರೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇ20 ತಾಳುವ ರಬ್ಬರು, ಲೋಹ ಹಾಕಿ ಗಾಡಿ ತಯಾರಿಸುವುದು ಕಡ್ಡಾಯವಾಗಿ ಶುರುವಾದದ್ದು 2023ರ ಏಪ್ರಿಲ್‌ನಿಂದ. ಹಳೆ ಗಾಡಿಯ ಪೆಟ್ರೋಲ್ ಪೈಪು, ಕಾಕ್‌ನ ವಾಷರು, ಫ್ಲೋಟ್ ಪಿನ್ನಿನ ರಬ್ಬರ್ ತುದಿ ಮೆಲ್ಲಗೆ ಉಬ್ಬುತ್ತವೆ ಇಲ್ಲವೇ ಬಿರಿಯುತ್ತವೆ. ಇವೆಲ್ಲ ಅಗ್ಗದ ಸಾಮಾನು, ಎಥೆನಾಲ್ ತಾಳುವಂಥವನ್ನೇ ಕೇಳಿ ಒಮ್ಮೆಗೇ ಬದಲಿಸಿ. ಹಳೆ ಟ್ಯಾಂಕಿನಲ್ಲಿ ಕೂತ ಕೆಸರನ್ನು ಎಥೆನಾಲ್ ಕರಗಿಸಿ ತರುವುದರಿಂದ ಫಿಲ್ಟರ್ ಕಟ್ಟಿಕೊಂಡಿದ್ದರೆ ಅದನ್ನೂ ಬದಲಿಸಿ.

ದೊಡ್ಡ ಶತ್ರು ನೀರು. ಎಥೆನಾಲ್ ತೇವ ಹೀರುತ್ತದೆ. ಮಿತಿ ಮೀರಿದಾಗ ನೀರು, ಎಥೆನಾಲ್ ಎರಡೂ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಎಂಜಿನ್ ಎಳೆಯುವುದು ತಳದಿಂದಲೇ. ಮಳೆಗಾಲದಲ್ಲಿ ಗಾಡಿಯನ್ನು ಅರ್ಧ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ. ನಿಲ್ಲಿಸಲೇಬೇಕಾದರೆ ಕಾಕ್ ಬಂದ್ ಮಾಡಿ ಕಾರ್ಬೊರೇಟರಿನ ಬಟ್ಟಲು ಖಾಲಿ ಮಾಡಿ. ಅನುಮಾನ ಬಂದರೆ ಡ್ರೇನ್ ಸ್ಕ್ರೂ ಸಡಿಲಿಸಿ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಬಿಡಿ. ಎರಡು ಪದರ ಕಂಡರೆ ನೀರು ಸೇರಿದೆ. ಪಂಪಿನ ಮೇಲೆ ಅನುಮಾನವಿದ್ದರೆ ಫಿಲ್ಟರ್ ಪೇಪರ್, ಸಾಂದ್ರತೆ, ಐದು ಲೀಟರಿನ ಅಳತೆ ಪರೀಕ್ಷೆ ಮಾಡಿ ತೋರಿಸಲು ಕೇಳುವ ಹಕ್ಕು ನಿಮಗಿದೆ.

ಇನ್ನು ನಮ್ಮ ಅಭಿಪ್ರಾಯ. ಎಥೆನಾಲ್ ಬೇಡ ಎಂದು ನಾವು ಹೇಳುವುದಿಲ್ಲ. ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಕಾರ್ಖಾನೆಗಳಿಗೆ ಸಕ್ಕರೆಯೊಂದನ್ನೇ ನೆಚ್ಚಿ ಕೂರುವ ಗತಿ ತಪ್ಪಿದ್ದು ಇದರಿಂದ. ತಪ್ಪಾದದ್ದು ಜಾರಿಯ ರೀತಿಯಲ್ಲಿ. ಬ್ರೆಜಿಲ್ 2003ರಿಂದಲೇ ಯಾವ ಪ್ರಮಾಣದ ಮಿಶ್ರಣಕ್ಕೂ ಹೊಂದುವ ಕಾರುಗಳನ್ನು ರಸ್ತೆಗಿಳಿಸಿತು. ಅಮೆರಿಕದ ಹೆಚ್ಚಿನ ಪಂಪುಗಳಲ್ಲಿ ಎಥೆನಾಲ್ ಎಷ್ಟಿದೆ ಎಂಬ ಚೀಟಿ ಇರುತ್ತದೆ. ನಮ್ಮಲ್ಲಿ 2030ಕ್ಕೆ ಇಟ್ಟಿದ್ದ ಗುರಿಯನ್ನು ಹಿಂದಕ್ಕೆಳೆದು 2025ರಲ್ಲೇ ಮುಟ್ಟಿದರು, ಹಳೆ ಗಾಡಿಯವರಿಗೆ ಆಯ್ಕೆ ಉಳಿಸಲಿಲ್ಲ. ಆಯ್ಕೆ ಕೊಡಿಸಿ ಎಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಲೀಟರಿಗೆ ಶಕ್ತಿ ಕಡಿಮೆಯಾದ ಇಂಧನಕ್ಕೆ ಅದೇ ದರ ತೆರುವುದು ಗ್ರಾಹಕನಿಗೆ ಅನ್ಯಾಯ. ಬೆಳೆಗಾರನಾಗಿಯೂ ನಿಮಗೆ ಕೇಳಲು ಒಂದು ಮಾತಿದೆ: 2025-26ರ ಎಫ್‌ಆರ್‌ಪಿ (ಕಬ್ಬಿಗೆ ಕೇಂದ್ರ ಸರ್ಕಾರ ನಿಗದಿ ಮಾಡುವ ಕನಿಷ್ಠ ದರ) ಕ್ವಿಂಟಲಿಗೆ ₹355, ಅದು ಶೇ 10.25 ಸಕ್ಕರೆ ಇಳುವರಿಗೆ ಕಟ್ಟಿದ ದರ. ಇಳುವರಿ ಶೇ 0.1 ಏರಿದಂತೆ ₹3.46 ಸೇರುತ್ತದೆ. ಈ ಸೂತ್ರದಲ್ಲಿ ಎಥೆನಾಲಿನ ಆದಾಯ ಎಲ್ಲೂ ಇಲ್ಲ. ಇಳಿದ ಆವರೇಜಿನ ನಷ್ಟ ನಿಮ್ಮದು, ಏರಿದ ಎಥೆನಾಲ್ ಮಾರಾಟದ ಪಾಲು ಮಾತ್ರ ನಿಮ್ಮದಲ್ಲ ಎಂಬ ಸ್ಥಿತಿ ಬದಲಾಗಲೇಬೇಕು.

ಪ್ರಶ್ನೆ: ಜೀನ್ ತಿದ್ದಿದ ಭತ್ತ ಬಂದಿದೆ ಎಂದು ಓದಿದೆ. ಇದು ಬಿಟಿ ಹತ್ತಿಯಂಥದ್ದೇ? ಸವಳು ಭೂಮಿಗೆ ಆಗುತ್ತದೆಯೇ?
— ಓದುಗರು, ಜಮಖಂಡಿ

ಉತ್ತರ: ಬಿಟಿ ಹತ್ತಿಯಂಥದ್ದಲ್ಲ. ಬಿಟಿಯಲ್ಲಿ ಮಣ್ಣಿನ ಬ್ಯಾಕ್ಟೀರಿಯಾದ ಜೀನನ್ನು ಗಿಡದೊಳಗೆ ಸೇರಿಸಿದ್ದಾರೆ. 2025ರ ಮೇ 4ರಂದು ಪ್ರಕಟಿಸಿದ ಎರಡು ಭತ್ತದ ತಳಿಗಳಲ್ಲಿ ಹೊರಗಿನ ಜೀನ್ ಉಳಿದಿಲ್ಲ, ಇದ್ದ ಜೀನನ್ನೇ ತಿದ್ದಿದ್ದಾರೆ. ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆಯ ಕಮಲಾ ತಳಿ ಸಾಂಬಾ ಮಸೂರಿಯಿಂದ ಬಂದದ್ದು. ಪೂಸಾ ಡಿಎಸ್‌ಟಿ ರೈಸ್ 1 ತಳಿಯನ್ನು ಎಂಟಿಯು 1010ರಿಂದ, ಬರ ಮತ್ತು ಉಪ್ಪು ತಾಳುವುದಕ್ಕೆಂದು ರೂಪಿಸಿದ್ದಾರೆ. ಇಂಥ ಗಿಡಗಳಿಗೆ 2022ರ ಮಾರ್ಚ್‌ನಲ್ಲೇ ಕುಲಾಂತರಿ ನಿಯಮಗಳಿಂದ ವಿನಾಯಿತಿ ಕೊಟ್ಟಿದ್ದಾರೆ. ವಿನಾಯಿತಿ ಕೊಟ್ಟದ್ದು ಸರಿ, ಆದರೆ ಹೊಲದ ಪ್ರಯೋಗಗಳ ಪೂರ್ತಿ ಅಂಕಿ-ಅಂಶ ಯಾರು ಬೇಕಾದರೂ ನೋಡುವಂತೆ ಇರಬೇಕು ಎಂಬುದು ನಮ್ಮ ಒತ್ತಾಯ. ನಿಮ್ಮ ಸವಳಿನ ಮೂಲ ಕಾರಣ ಕಾಲುವೆ ನೀರು ನಿಂತು ಉಪ್ಪು ಮೇಲೆ ಬಂದಿರುವುದು. ಬಸಿಗಾಲುವೆ ತೆಗೆಯದೆ, ಕಬ್ಬಿಗೆ ನೀರು ಹಾಯಿಸುವುದನ್ನು ಕಡಿಮೆ ಮಾಡದೆ ಯಾವ ತಳಿ ತಂದರೂ ಭೂಮಿ ಸುಧಾರಿಸುವುದಿಲ್ಲ.

ಪ್ರಶ್ನೆ: ವಾಟ್ಸ್ಯಾಪಿನಲ್ಲಿ ಪರಿಚಯದವರ ನಂಬರಿನಿಂದಲೇ ಮದುವೆ ಕರೆಯೋಲೆ ಬಂತು. ಒತ್ತಿದೆ. ಸ್ವಲ್ಪ ಹೊತ್ತಿಗೆ ಖಾತೆಯಿಂದ ಮೂರು ಸಲ ರೊಕ್ಕ ಹೋಯಿತು. ಓಟಿಪಿ ಯಾರಿಗೂ ಹೇಳಿಲ್ಲ. ಬ್ಯಾಂಕಿನವರು ನಿಮ್ಮದೇ ತಪ್ಪು ಎನ್ನುತ್ತಾರೆ. ಏನು ಮಾಡಲಿ?
— ಒಣದ್ರಾಕ್ಷಿ ವ್ಯಾಪಾರಿ, ವಿಜಯಪುರ

ಉತ್ತರ: ನಿಮಗೆ ಬಂದದ್ದು ಕರೆಯೋಲೆಯ ಚಿತ್ರವಲ್ಲ, ಎಪಿಕೆ ಎಂಬ ಕೊನೆಯುಳ್ಳ ಆ್ಯಪ್. ಅದು ಫೋನಿಗೆ ಸೇರುವಾಗ ಎಸ್‌ಎಂಎಸ್ ಓದುವ ಅನುಮತಿ ಪಡೆದು, ನೀವು ಬಾಯಿ ಬಿಡದಿದ್ದರೂ ಓಟಿಪಿಯನ್ನು ಕಳ್ಳರಿಗೆ ರವಾನಿಸುತ್ತದೆ. ಕಳಿಸಿದ ಪರಿಚಯದವರೂ ಹೀಗೇ ಸಿಕ್ಕಿಬಿದ್ದವರು. ಈಗ ನಿಮ್ಮ ನಂಬರಿನಿಂದ ಇತರರಿಗೆ ಹೋಗುತ್ತಿರಬಹುದು, ಎಲ್ಲರಿಗೂ ತಿಳಿಸಿ. ಆರ್‌ಟಿಒ ದಂಡದ ಚಲನ್, ಪಿಎಂ ಕಿಸಾನ್ ಹೆಸರಿನಲ್ಲಿ ಬರುವ ಎಪಿಕೆಗಳೂ ಇದೇ ಜಾತಿಯವು.

ಫೋನಿನ ಇಂಟರ್ನೆಟ್ ಕಡಿದು, ಸಿಮ್ ತೆಗೆದು ಯಾವುದಾದರೂ ಕೀಪ್ಯಾಡ್ ಫೋನಿಗೆ ಹಾಕಿ. ಅಲ್ಲಿಂದ ಬ್ಯಾಂಕಿಗೆ ಕರೆ ಮಾಡಿ ಯುಪಿಐ, ನೆಟ್ ಬ್ಯಾಂಕಿಂಗ್, ಕಾರ್ಡು ಮೂರನ್ನೂ ನಿಲ್ಲಿಸಿ, ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಪ್ರತಿ ವಹಿವಾಟಿನ ಸಂಖ್ಯೆ, ಸಮಯ, ಮೊತ್ತ ಕೇಳುತ್ತಾರೆ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುತ್ತಾ ಹೋಗುವುದರಿಂದ ಕರೆ ಬೇಗ ಹೋದಷ್ಟೂ ತಡೆಹಿಡಿಯುವ ಮೊತ್ತ ಹೆಚ್ಚು. ಕೊಟ್ಟ ದೂರು ಸಂಖ್ಯೆ ಬರೆದಿಟ್ಟುಕೊಂಡು ಜಿಲ್ಲೆಯ ಸಿಇಎನ್ (ಸೈಬರ್ ಅಪರಾಧ ನೋಡುವ ಪೊಲೀಸ್) ಠಾಣೆಗೆ ಹೋಗಿ. ಅಲ್ಲಿಯವರೆಗೆ ಫೋನನ್ನು ರೀಸೆಟ್ ಮಾಡಿಸಬೇಡಿ, ಸಾಕ್ಷ್ಯವೇ ಅಳಿದುಹೋಗುತ್ತದೆ. ಆಮೇಲೆ ಆ್ಯಪ್ ತೆಗೆಯುವಾಗ 'ಅನ್‌ಇನ್‌ಸ್ಟಾಲ್' ಗುಂಡಿ ಮಂಕಾಗಿದ್ದರೆ ಸೆಟ್ಟಿಂಗ್ಸ್‌ನ ಡಿವೈಸ್ ಅಡ್ಮಿನ್ ಮತ್ತು ಆ್ಯಕ್ಸೆಸಿಬಿಲಿಟಿ ಎರಡರಲ್ಲೂ ಅದರ ಅನುಮತಿ ಕಿತ್ತುಹಾಕಿ. ವಾಟ್ಸ್ಯಾಪಿನ ಲಿಂಕ್ಡ್ ಡಿವೈಸಸ್, ಫೋನಿನ ಕಾಲ್ ಫಾರ್ವರ್ಡಿಂಗ್ ಕೂಡ ನೋಡಿ. ಪಿನ್, ಪಾಸ್‌ವರ್ಡುಗಳನ್ನು ಬೇರೆ ಫೋನಿನಿಂದ ಬದಲಿಸಿ.

'ನಿಮ್ಮದೇ ತಪ್ಪು' ಎಂದು ಬಾಯಿಮಾತಿನಲ್ಲಿ ಹೇಳಿ ಕಳಿಸಲು ಬ್ಯಾಂಕಿಗೆ ಬರುವುದಿಲ್ಲ. 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಗ್ರಾಹಕನ ಹೊಣೆಯನ್ನು ಸಾಬೀತು ಮಾಡಬೇಕಾದದ್ದು ಬ್ಯಾಂಕೇ. ತಪ್ಪು ಗ್ರಾಹಕನದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂದಾದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟದ ಹೊಣೆ ಇಲ್ಲ. ನಾಲ್ಕರಿಂದ ಏಳು ದಿನವಾದರೆ ಸಾಮಾನ್ಯ ಉಳಿತಾಯ ಖಾತೆಯಲ್ಲಿ ಹೆಚ್ಚೆಂದರೆ ₹10,000. ಗ್ರಾಹಕನ ಅಜಾಗ್ರತೆ ಎಂದು ಸಾಬೀತಾದರೂ ಅವನ ಹೊಣೆ ದೂರು ಕೊಡುವವರೆಗಿನ ನಷ್ಟಕ್ಕಷ್ಟೇ. ದೂರಿನ ನಂತರ ಹೋದದ್ದೆಲ್ಲ ಬ್ಯಾಂಕಿನದು. ಅದಕ್ಕೇ ಮೊದಲ ಕರೆಯ ಗಳಿಗೆ ಬಹಳ ಮುಖ್ಯ. ಶಾಖೆಗೆ ಲಿಖಿತ ಅರ್ಜಿ ಕೊಟ್ಟು, ನಕಲಿನ ಮೇಲೆ ಮೊಹರು, ತಾರೀಖು ಹಾಕಿಸಿಕೊಳ್ಳಿ. ದೂರು 90 ದಿನಗಳಲ್ಲಿ ಇತ್ಯರ್ಥವಾಗಬೇಕು. 30 ದಿನ ಕಳೆದರೂ ಉತ್ತರವಿಲ್ಲದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಕೊಡಬಹುದು.

ನಮ್ಮ ಭಾಗದವರು ಒಂದು ವ್ಯತ್ಯಾಸ ತಿಳಿದಿರಬೇಕು. ಅರ್ಬನ್ ಕೋ-ಆಪರೇಟಿವ್ ಬ್ಯಾಂಕುಗಳಿಗೂ ಇಂಥದ್ದೇ ನಿಯಮ 2017ರ ಡಿಸೆಂಬರ್‌ನಲ್ಲಿ ಬಂದಿದೆ. ಊರೂರಲ್ಲಿ ಇರುವ ಪತ್ತಿನ ಸಂಘ, ಸೌಹಾರ್ದ ಸಹಕಾರಿಗಳು ರಿಸರ್ವ್ ಬ್ಯಾಂಕಿನ ಹಿಡಿತದಲ್ಲಿಲ್ಲ. ಅಲ್ಲಿಗೆ ಒಂಬುಡ್ಸ್‌ಮನ್ ಇಲ್ಲ, ₹5 ಲಕ್ಷದ ಠೇವಣಿ ವಿಮೆಯೂ ಇಲ್ಲ. ವ್ಯಾಪಾರದ ರೊಕ್ಕ ಎಲ್ಲಿಡಬೇಕು ಎಂದು ನಿರ್ಧರಿಸುವಾಗ ಬಡ್ಡಿ ದರಕ್ಕಿಂತ ಮೊದಲು ಇದನ್ನು ನೋಡಿ.

ಪ್ರಶ್ನೆ: ಡಿಜಿಟಲ್ ಅರೆಸ್ಟ್ ಎಂಬುದು ಹೊಸ ಕಾನೂನಿನಲ್ಲಿ ಬಂದಿದೆಯೇ? ವಾಟ್ಸ್ಯಾಪಿನಲ್ಲಿ ಪೊಲೀಸ್ ನೋಟಿಸ್ ಬಂದರೆ ಹೋಗಬೇಕೇ?
— ನಿವೃತ್ತ ಶಿಕ್ಷಕರು, ಬೆಳಗಾವಿ

ಉತ್ತರ: ಬಂದಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ವಿಡಿಯೊ ಕರೆಯ ಮೂಲಕ ಬಂಧಿಸುವ ಯಾವ ಕಲಮೂ ಇಲ್ಲ. ಬಂಧಿತರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ವಿಚಾರಣೆಗೆ ಬನ್ನಿ ಎಂದು 35ನೇ ಕಲಮಿನಡಿ ಕೊಡುವ ನೋಟಿಸನ್ನು ವಾಟ್ಸ್ಯಾಪಿನಲ್ಲಿ ಕಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಪೊಲೀಸರೆಂದು ಹೇಳಿಕೊಂಡು ವಿಡಿಯೊ ಕರೆಯಲ್ಲಿ ಯಾರಾದರೂ ಹೆದರಿಸಿದರೆ ಕಟ್ ಮಾಡಿ, ಮನೆಯವರಿಗೆ ಹೇಳಿ, ಅನುಮಾನ ಉಳಿದರೆ ನಿಮ್ಮ ಬಡಾವಣೆಯ ಠಾಣೆಗೆ ನೀವೇ ಹೋಗಿ ಕೇಳಿ. ಹಣವನ್ನು 'ಪರಿಶೀಲನೆಗೆ' ಕಳಿಸಿ ಎಂದು ಯಾವ ಸರ್ಕಾರಿ ಅಧಿಕಾರಿಯೂ ಕೇಳುವುದಿಲ್ಲ.

ಪ್ರಶ್ನೆ: ಪಕ್ಕದ ಹೊಲದವರು ನಮ್ಮ ಬದು ಒಡೆದದ್ದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿದ್ದೇನೆ. ವಕೀಲರಿಗೆ ವಾಟ್ಸ್ಯಾಪ್ ಮಾಡಿದ್ದೇನೆ. ಕೋರ್ಟಿಗೆ ಸಾಕೇ?
— ರೈತರು, ಸವದತ್ತಿ ತಾಲ್ಲೂಕು

ಉತ್ತರ: ಸಾಲದು. ವಾಟ್ಸ್ಯಾಪ್ ವಿಡಿಯೊವನ್ನು ಕುಗ್ಗಿಸಿ, ಅದನ್ನು ತೆಗೆದ ಸಮಯ, ಜಾಗದ ವಿವರ ಅಳಿಸಿ ಕಳಿಸುತ್ತದೆ. ವಕೀಲರ ಬಳಿ ಇರುವುದು ಬೇರೆಯದೇ ಕಡತ. ಮೂಲ ವಿಡಿಯೊವನ್ನು ಫೋನಿನಿಂದ ಅಳಿಸಬೇಡಿ, ಕತ್ತರಿಸಬೇಡಿ, ಹೆಸರನ್ನೂ ಬದಲಿಸಬೇಡಿ. ಕೇಬಲ್ ಹಾಕಿ ಎರಡು ಪೆನ್ ಡ್ರೈವಿಗೆ ನಕಲು ಮಾಡಿಸಿ.

ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಪ್ರಮಾಣಪತ್ರ ಕೇಳುತ್ತದೆ. ಅದರಲ್ಲಿ ಎರಡು ಭಾಗ: 'ಎ' ಭಾಗಕ್ಕೆ ನೀವು, 'ಬಿ' ಭಾಗಕ್ಕೆ ತಜ್ಞರು ಸಹಿ ಮಾಡಬೇಕು. ಎರಡರಲ್ಲೂ ಕಡತದ ಹ್ಯಾಶ್ (ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ ಗುರುತಿನ ಸಾಲು) ಬರೆಯಬೇಕು. ಶಾ-256 ಬಗೆಯದಾದರೆ ಅದು 64 ಅಕ್ಷರ-ಅಂಕಿಗಳ ಸಾಲು, ವಿಡಿಯೊದಲ್ಲಿ ಚೂರು ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ನಕಲು ಮಾಡಿದ ದಿನವೇ ಹ್ಯಾಶ್ ತೆಗೆದು ತಾರೀಖು ಸಹಿತ ಮುದ್ರಿಸಿಡಿ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಇದೇ ವಿಷಯಕ್ಕಿದ್ದ 65ಬಿ ಕಲಮಿನ ಬಗ್ಗೆ ಸುಪ್ರೀಂ ಕೋರ್ಟ್ 2020ರಲ್ಲಿ ಕೊಟ್ಟ ತೀರ್ಪಿನಲ್ಲಿ, ಮೂಲ ಉಪಕರಣವನ್ನೇ ಅದರ ಒಡೆಯ ಸಾಕ್ಷಿಕಟ್ಟೆಗೆ ತಂದರೆ ಪ್ರಮಾಣಪತ್ರ ಬೇಡ ಎಂದಿದೆ. ಆದರೂ ಪ್ರಕರಣ ವರ್ಷಗಟ್ಟಲೆ ನಡೆಯುವಾಗ ಫೋನು ಕೆಡಬಹುದು, ಕಳೆಯಬಹುದು. ಪ್ರಮಾಣಪತ್ರ ಮಾಡಿಸಿಡುವುದೇ ಕ್ಷೇಮ. ಹಳ್ಳಿಯ ರೈತ 'ಬಿ' ಭಾಗದ ತಜ್ಞನನ್ನು ಎಲ್ಲಿ ಹುಡುಕಬೇಕು ಎಂಬುದಕ್ಕೆ ಸರ್ಕಾರ ತಾಲ್ಲೂಕು ಮಟ್ಟದಲ್ಲಿ ಒಂದು ವ್ಯವಸ್ಥೆ ಮಾಡಬೇಕಿತ್ತು. ಸದ್ಯ ಅದು ನಿಮ್ಮ ವಕೀಲರ ಮೇಲೆಯೇ ಬಿದ್ದಿದೆ.

ಹತ್ತಿರದ ಅಂಗಡಿ ಅಥವಾ ಡೈರಿಯ ಸಿಸಿಟಿವಿಯಲ್ಲಿ ಟ್ರ್ಯಾಕ್ಟರ್ ಹೋದದ್ದು ಸೆರೆಯಾಗಿದ್ದರೆ ಇಂದೇ ಕೇಳಿ. ಡಿಸ್ಕ್ ತುಂಬಿದ ಮೇಲೆ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ, ಅನೇಕ ಕಡೆ ಹದಿನೈದು ದಿನಕ್ಕೇ ಅಳಿಯುತ್ತದೆ. ಆ ಯಂತ್ರದ ಗಡಿಯಾರ ಎಷ್ಟು ಹಿಂದೆ-ಮುಂದೆ ಇದೆ ಎಂಬುದನ್ನೂ ನಿಮ್ಮ ಫೋನಿನ ಸಮಯದೊಂದಿಗೆ ಹೋಲಿಸಿ ಬರೆದುಕೊಳ್ಳಿ. ಎದುರು ಪಕ್ಷದ ವಕೀಲರು ಮೊದಲು ಹಿಡಿಯುವುದು ಅದನ್ನೇ.

ಇಷ್ಟೆಲ್ಲ ಮಾಡಿದರೂ ವಿಡಿಯೊ ತೋರಿಸುವುದು ಬದು ಒಡೆದದ್ದನ್ನು ಮಾತ್ರ. ಬದು ಯಾರ ಜಾಗದಲ್ಲಿತ್ತು ಎಂಬುದಕ್ಕೆ ಹದ್ದುಬಸ್ತು (ಗಡಿ ಗುರುತಿಸುವ) ಅಳತೆಯೇ ಬೇಕು. ಭೂಮಾಪನ ಇಲಾಖೆಯ ಮೋಜಿಣಿ ವ್ಯವಸ್ಥೆಯಲ್ಲಿ ಅರ್ಜಿ ಹಾಕಿ, ಅಳತೆಯ ದಿನ ಪಕ್ಕದ ಹೊಲದವರಿಗೆ ನೋಟಿಸ್ ತಲುಪಿದೆ ಎಂದು ಖಾತ್ರಿ ಮಾಡಿಕೊಳ್ಳಿ. ತಲುಪದಿದ್ದರೆ ಅಳತೆಯನ್ನೇ ಪ್ರಶ್ನಿಸುತ್ತಾರೆ.